ಗಡಿಯಾಚೆಯ ಕನಕ: ಹಿಂದೂಪುರ, ಕಲ್ಯಾಣದುರ್ಗಗಳ ನೆಲದಿಂದ ಒಂದು ಓದು

ಕಾರ್ತಿಕ ಬಹುಳ ತದಿಗೆಯಂದು ಕನಕದಾಸರ ಜಯಂತಿ. ಅಂದು ಕರ್ನಾಟಕದ ಊರೂರುಗಳಲ್ಲಿ ನಡೆಯುವ ಮೆರವಣಿಗೆ, ಸಭೆ, ಕೀರ್ತನೆಗಳ ಗಾಯನ ನಮಗೆಲ್ಲ ಪರಿಚಿತ. ಆದರೆ ಅದೇ ದಿನ ಗಡಿಯಾಚೆಯ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗಗಳಲ್ಲಿಯೂ ಕನಕದಾಸರ ಭಾವಚಿತ್ರಕ್ಕೆ ಹಾರ ಬೀಳುತ್ತದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಆಂಧ್ರಪ್ರದೇಶ ಸರ್ಕಾರವೂ ಈಗ ಈ ಜಯಂತಿಯನ್ನು ರಾಜ್ಯದ ಉತ್ಸವವಾಗಿ ಆಚರಿಸುತ್ತಿದೆ. 2025ರ ನವೆಂಬರಿನಲ್ಲಿ ಕಲ್ಯಾಣದುರ್ಗದಲ್ಲಿ ಕನಕದಾಸರ ಪ್ರತಿಮೆಯ ಅನಾವರಣವೂ ನಡೆಯಿತು. ಕನ್ನಡದಲ್ಲಿ ಮಾತ್ರ ಬರೆದ ಒಬ್ಬ ಕವಿಗೆ ತೆಲುಗು ಆಡಳಿತ ಭಾಷೆಯಾಗಿರುವ ನಾಡಿನಲ್ಲಿ ದೊರೆಯುತ್ತಿರುವ ಈ ಗೌರವ ಸಂತೋಷದ ಸಂಗತಿ. ಅದರೊಡನೆ ಒಂದು ಪ್ರಶ್ನೆಯೂ ಏಳುತ್ತದೆ: ಪ್ರತಿಮೆ ಗಡಿಯನ್ನು ದಾಟಿತು, ಕಾವ್ಯ ದಾಟಿತೇ?

ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಕನಕದಾಸರ ಜೀವನ, ಕೃತಿ ಮತ್ತು ಪರಂಪರೆಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕನಕದಾಸರನ್ನು ಪರೀಕ್ಷೆಯ ಟಿಪ್ಪಣಿಯಾಗಿ ಓದಿ ಮುಗಿಸುವುದೇ ಹೆಚ್ಚು. ಕವಿಯ ಕಾಲ, ಸ್ಥಳ, ಕೃತಿಗಳ ಪಟ್ಟಿ, ಉಡುಪಿಯ ಕಿಂಡಿಯ ಪ್ರಸಂಗ, ಕೊನೆಗೆ ‘ಸಾಮಾಜಿಕ ಸಮಾನತೆಯನ್ನು ಸಾರಿದರು’ ಎಂಬ ಒಂದು ವಾಕ್ಯ. ಇಷ್ಟರಿಂದ ಅಂಕ ದೊರೆಯಬಹುದು, ಆದರೆ ಕವಿ ದೊರೆಯುವುದಿಲ್ಲ.

ಜೀವನ: ಆಧಾರ ಯಾವುದು, ಐತಿಹ್ಯ ಯಾವುದು?

ಕನಕದಾಸರ ಜನ್ಮಸ್ಥಳ ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಬಾಡ ಗ್ರಾಮ. ತಂದೆ ಬೀರಪ್ಪ, ತಾಯಿ ಬಚ್ಚಮ್ಮ. ಹುಟ್ಟಿದ್ದು ಕುರುಬ ಕುಲದಲ್ಲಿ. ಮೊದಲ ಹೆಸರು ತಿಮ್ಮಪ್ಪ. ವಿಜಯನಗರದ ಆಳ್ವಿಕೆಗೆ ಒಳಪಟ್ಟಿದ್ದ ಬಂಕಾಪುರ ಸೀಮೆಯಲ್ಲಿ ತಂದೆ ಡಣಾಯಕರಾಗಿದ್ದರು. ಅವರ ಅನಂತರ ತಿಮ್ಮಪ್ಪನೂ ನಾಯಕನಾದ. ನೆಲದಲ್ಲಿ ಹೂತಿದ್ದ ಹೊನ್ನು ದೊರೆತುದರಿಂದ ಜನ ಅವನನ್ನು ‘ಕನಕ’ ಎಂದು ಕರೆದರೆಂದೂ, ಆ ಹೊನ್ನನ್ನು ಕಾಗಿನೆಲೆಯ ಆದಿಕೇಶವನ ಸೇವೆಗೆ ಬಳಸಿದನೆಂದೂ ಐತಿಹ್ಯ ಹೇಳುತ್ತದೆ. ಯುದ್ಧವೊಂದರಲ್ಲಿ ತೀವ್ರವಾಗಿ ಗಾಯಗೊಂಡು ಬಿದ್ದಾಗ ವೈರಾಗ್ಯ ಮೂಡಿತೆಂಬುದೂ ಐತಿಹ್ಯವೇ. ಆದರೆ ಕೀರ್ತನೆಗಳ ಕೊನೆಯಲ್ಲಿ ಬರುವ ಕಾಗಿನೆಲೆಯ ಆದಿಕೇಶವನ ಅಂಕಿತ ಐತಿಹ್ಯವಲ್ಲ. ಅದು ಕವಿಯೇ ಒತ್ತಿದ ಮುದ್ರೆ. ಬಾಡ ಅವರ ಹುಟ್ಟಿನ ನೆಲವಾದರೆ ಕಾಗಿನೆಲೆ ಅವರ ಆಯ್ಕೆಯ ನೆಲ.

ಕಾಲದ ವಿಷಯದಲ್ಲಿ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. 1509ರಿಂದ 1609 ಎಂಬುದು ಬಹುಮಟ್ಟಿಗೆ ರೂಢಿಗೆ ಬಂದಿರುವ ಕಾಲ. ವಿದ್ವಾಂಸರಲ್ಲಿ ಈ ಕುರಿತು ಪೂರ್ಣ ಒಮ್ಮತವಿಲ್ಲ. ಇಂಥ ಕಡೆ ಒಂದೇ ಇಸವಿಯನ್ನು ನೆಚ್ಚುವುದಕ್ಕಿಂತ ಸುತ್ತಲಿನ ಖಚಿತ ಇಸವಿಗಳನ್ನು ಜೋಡಿಸಿಕೊಳ್ಳುವುದು ಒಳ್ಳೆಯ ಕ್ರಮ. ಕೃಷ್ಣದೇವರಾಯನ ಆಳ್ವಿಕೆ 1509ರಿಂದ 1529ರವರೆಗೆ. ಅಚ್ಯುತರಾಯನದು 1529ರಿಂದ 1542ರವರೆಗೆ. ಗುರು ವ್ಯಾಸರಾಯರು ವೃಂದಾವನಸ್ಥರಾದುದು 1539ರಲ್ಲಿ. ಪುರಂದರದಾಸರು ತೀರಿಕೊಂಡುದು 1564ರಲ್ಲಿ. ಮರುವರ್ಷವೇ, 1565ರಲ್ಲಿ, ರಕ್ಕಸತಂಗಡಿಯ ಯುದ್ಧವಾಗಿ ವಿಜಯನಗರ ಪಟ್ಟಣ ಹಾಳಾಯಿತು. ಹೀಗೆ ಜೋಡಿಸಿದಾಗ ಒಂದು ಚಿತ್ರ ಮೂಡುತ್ತದೆ. ಕನಕದಾಸರು ಸಾಮ್ರಾಜ್ಯದ ಉಚ್ಛ್ರಾಯವನ್ನು ಯೌವನದಲ್ಲಿ ಕಂಡವರು; ವ್ಯಾಸರಾಯರ ಶಿಷ್ಯತ್ವ ದೊರೆತದ್ದು 1539ಕ್ಕೆ ಮೊದಲೇ, ಎಂದರೆ ರೂಢಿಯ ಕಾಲವನ್ನು ಒಪ್ಪಿದರೆ ಅವರ ಮೂವತ್ತರ ಒಳಗೆ; ಅವರ ಇಳಿವಯಸ್ಸಿನಲ್ಲಿ ರಾಜಧಾನಿ ಪೆನುಕೊಂಡೆಗೆ ಸರಿದಿತ್ತು.

ಪೆನುಕೊಂಡೆ ಎಂದೊಡನೆ ನಾವು ಹಿಂದೂಪುರದ ಸೀಮೆಗೆ ಬಂದೆವು. ಹಿಂದೂಪುರದ ಬಳಿಯ ಲೇಪಾಕ್ಷಿಯಲ್ಲಿ ವೀರಭದ್ರ ದೇವಾಲಯವನ್ನು ವಿರೂಪಣ್ಣ ಕಟ್ಟಿಸಿದ್ದು ಅಚ್ಯುತರಾಯನ ಕಾಲದಲ್ಲಿ. ಕನಕದಾಸರ ಯೌವನವೂ ಅದೇ ಕಾಲ. ಆ ದೇವಾಲಯದ ಶಾಸನಗಳ ಭಾಷೆ ಕನ್ನಡ. ಹಿಂದೂಪುರದಿಂದ ಮಡಕಶಿರಾ ದಾಟಿ ಹೇಮಾವತಿಗೆ ಹೋದರೆ ಅದು ನೊಳಂಬರ ರಾಜಧಾನಿ ಹೆಂಜೇರು. ಅಲ್ಲಿಯೂ ಕನ್ನಡ ಶಾಸನಗಳಿವೆ. ಗುಂತಕಲ್ಲಿನ ಬಳಿಯ ಕಸಾಪುರದ ನೆಟ್ಟಿಕಂಟಿ ಆಂಜನೇಯನನ್ನು ವ್ಯಾಸರಾಯರೇ ಪ್ರತಿಷ್ಠಿಸಿದರೆಂದು ಅಲ್ಲಿಯ ಭಕ್ತರು ನಂಬುತ್ತಾರೆ. ಆದುದರಿಂದ ಅನಂತಪುರದ ಸೀಮೆಗೆ ಕನಕದಾಸರು ಹೊರಗಿನಿಂದ ಬಂದ ಅತಿಥಿಯಲ್ಲ. ಅವರ ಕಾಲದಲ್ಲಿ ಇದು ಒಂದೇ ಅರಸೊತ್ತಿಗೆಯ, ಎರಡು ನುಡಿಗಳ ನೆಲವಾಗಿತ್ತು. ಗಡಿಯೆಂಬುದು ಈಚಿನದು: 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಅತ್ತ ಸೇರಿದವು. 2022ರಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾದ ಮೇಲೆ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲಿಯೇ ಉಳಿದಿದೆ.

ವ್ಯಾಸರಾಯರ ಮಠದಲ್ಲಿ ಕನಕದಾಸರಿಗೆ ಎದುರಾದ ವಿರೋಧಕ್ಕೆ ಮಾತ್ರ ಐತಿಹ್ಯಕ್ಕಿಂತ ಗಟ್ಟಿಯಾದ ಸಾಕ್ಷ್ಯವಿದೆ. ಪುರಂದರದಾಸರ ಅಂಕಿತದಲ್ಲಿ ಬಂದಿರುವ ಕೀರ್ತನೆಯೊಂದು, ಗುರುಗಳು ಕನಕನ ಮೇಲೆ ದಯೆ ತೋರಿದುದನ್ನು ಮಠದ ಇತರರು ಸಹಿಸದೆ ದೂರಿಕೊಂಡ ಸಂಗತಿಯನ್ನು ವಿವರಿಸುತ್ತದೆ. ಸಮಕಾಲೀನ ದಾಸರೊಬ್ಬರ ಹೆಸರಿನಲ್ಲಿ ಉಳಿದು ಬಂದಿರುವ ಈ ಮಾತು ಎರಡು ವಿಷಯಗಳನ್ನು ತಿಳಿಸುತ್ತದೆ. ಒಂದು, ಕನಕದಾಸರಿಗೆ ಮಠದ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಇನ್ನೊಂದು, ಅದನ್ನು ತೆರೆದವರೂ ಆ ಮಠದೊಳಗೇ ಇದ್ದರು. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಚರಿತ್ರೆ ವಕ್ರವಾಗುತ್ತದೆ.

ಉಡುಪಿಯ ಕಿಂಡಿಯ ಕಥೆಯನ್ನು ಬರೆಯುವಾಗ ವಿದ್ಯಾರ್ಥಿಗಳು ಒಂದು ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾರೆ. ಗರ್ಭಗುಡಿಯ ಎದುರಿಗೆ ನಿಂತು ಭಕ್ತರು ಕೃಷ್ಣನನ್ನು ನೋಡುವ, ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯೇ ಕನಕನ ಕಿಂಡಿಯೆಂದು ತಿಳಿಯುವುದೇ ಆ ತಪ್ಪು. ಕನಕನ ಕಿಂಡಿ ಇರುವುದು ಹೊರಗೋಡೆಯಲ್ಲಿ, ಪಶ್ಚಿಮಕ್ಕೆ. ಒಳಗೆ ಬಿಡದಿದ್ದಾಗ ಹೊರಗೆ ನಿಂತು ಹಾಡಿದ ಭಕ್ತನಿಗಾಗಿ ಗೋಡೆ ಬಿರಿದು ದೇವರು ಪಶ್ಚಿಮಕ್ಕೆ ತಿರುಗಿದನೆಂಬ ಕಥೆಯನ್ನು ಚಾರಿತ್ರಿಕ ವರದಿಯಾಗಿ ಸಾಧಿಸುವುದು ಸಾಧ್ಯವಿಲ್ಲ. ಹಾಗೆಂದು ಅದನ್ನು ತಳ್ಳಿಹಾಕಬೇಕಾಗಿಯೂ ಇಲ್ಲ. ಐತಿಹ್ಯವೆಂದರೆ ಸಮಾಜವೊಂದು ತನ್ನ ತಪ್ಪನ್ನು ನೆನಪಿಟ್ಟುಕೊಂಡ ಬಗೆ. ಹೊರಗೆ ನಿಲ್ಲಿಸಿದವರ ಹೆಸರು ಉಳಿಯಲಿಲ್ಲ, ಹೊರಗೆ ನಿಂತವನ ಹೆಸರು ಗೋಡೆಗೆ ಉಳಿಯಿತು. ಈ ಕಥೆಯ ಅರ್ಥ ಅಲ್ಲಿದೆ. 1960ರಲ್ಲಿ ತೆರೆಗೆ ಬಂದ, ರಾಜ್‌ಕುಮಾರ್ ಅಭಿನಯದ ‘ಭಕ್ತ ಕನಕದಾಸ’ ಚಿತ್ರ ಈ ದೃಶ್ಯವನ್ನು ಜನಮನದಲ್ಲಿ ಎಷ್ಟು ಗಟ್ಟಿಯಾಗಿ ನೆಲೆಗೊಳಿಸಿತೆಂದರೆ, ಅನೇಕರಿಗೆ ಕನಕದಾಸರ ಬಾಳೆಂದರೆ ಆ ಒಂದು ಗಳಿಗೆಯೇ ಆಗಿಬಿಟ್ಟಿದೆ.

ಕೃತಿಗಳು: ದಾಸನೂ ಹೌದು, ಕವಿಯೂ ಹೌದು

ಹರಿದಾಸರಲ್ಲಿ ಕೀರ್ತನಕಾರರು ಹಲವರು. ಆದರೆ ಕೀರ್ತನೆಗಳ ಜೊತೆಗೆ ದೀರ್ಘ ಕಾವ್ಯಗಳನ್ನು ರಚಿಸಿ, ಕಾವ್ಯ ಪರಂಪರೆಯಲ್ಲಿಯೂ ಸ್ಥಾನ ಪಡೆದವರಲ್ಲಿ ಕನಕದಾಸರೇ ಪ್ರಮುಖರು. ‘ಮೋಹನತರಂಗಿಣಿ’, ‘ನಳಚರಿತ್ರೆ’, ‘ರಾಮಧಾನ್ಯ ಚರಿತ್ರೆ’, ‘ಹರಿಭಕ್ತಿಸಾರ’ ಇವು ದೊರೆತಿರುವ ಕೃತಿಗಳು. ‘ನೃಸಿಂಹಸ್ತವ’ ಎಂಬುದೊಂದು ಇತ್ತೆಂದು ಹೇಳುತ್ತಾರೆ, ಅದು ದೊರೆತಿಲ್ಲ.

‘ಮೋಹನತರಂಗಿಣಿ’ 42 ಸಂಧಿಗಳ ಸಾಂಗತ್ಯ ಕಾವ್ಯ. ಸಾಂಗತ್ಯದ ಲಕ್ಷಣವನ್ನು ಇಲ್ಲಿಯೇ ಜ್ಞಾಪಿಸಿಕೊಳ್ಳೋಣ: ನಾಲ್ಕು ಸಾಲುಗಳು, ಒಂದು ಮತ್ತು ಮೂರನೆಯ ಸಾಲುಗಳಲ್ಲಿ ನಾಲ್ಕು ವಿಷ್ಣುಗಣ, ಎರಡು ಮತ್ತು ನಾಲ್ಕನೆಯ ಸಾಲುಗಳಲ್ಲಿ ಎರಡು ವಿಷ್ಣುಗಣ, ಒಂದು ಬ್ರಹ್ಮಗಣ. ಹಾಡುಗಬ್ಬಕ್ಕೆ ಒಗ್ಗುವ ಈ ಛಂದಸ್ಸಿನಲ್ಲಿ ಕವಿ ಕೃಷ್ಣಕಥೆಯನ್ನು, ಅದರಲ್ಲಿಯೂ ಪ್ರದ್ಯುಮ್ನ, ಅನಿರುದ್ಧರ ವೃತ್ತಾಂತಗಳನ್ನು, ಬಾಣಾಸುರನ ಯುದ್ಧವನ್ನು ವಿಸ್ತರಿಸಿದ್ದಾರೆ. ಇಲ್ಲಿಯ ದ್ವಾರಕೆಯ ವರ್ಣನೆಯಲ್ಲಿ ವಿಜಯನಗರದ ಬೀದಿಗಳು ಕಾಣಿಸುತ್ತವೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಂಗಡಿ ಸಾಲು, ರತ್ನಪಡಿ ವ್ಯಾಪಾರ, ಊರ ಸಂಭ್ರಮ ಇವು ಪುರಾಣದಿಂದ ಬಂದವಲ್ಲ, ಕಣ್ಣಿನಿಂದ ಬಂದವು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ನ ಬರಹವನ್ನು ಈ ಭಾಗಗಳ ಜೊತೆಗಿಟ್ಟು ಓದುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ.

ಉಳಿದ ಮೂರು ಕೃತಿಗಳು ಭಾಮಿನಿ ಷಟ್ಪದಿಯಲ್ಲಿವೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಎರಡು ಆವರ್ತ ಬಂದು 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಅದೇ ಆವರ್ತ ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23 ಮಾತ್ರೆ. ಇಡೀ ಪದ್ಯಕ್ಕೆ 102 ಮಾತ್ರೆ. ಕುಮಾರವ್ಯಾಸ ಈ ಛಂದಸ್ಸನ್ನು ಗಮಕದ ದನಿಗೆ ಒಪ್ಪಿಸಿದ ಮೇಲೆ ಅದು ಪಂಡಿತರ ಮನೆಯನ್ನು ಬಿಟ್ಟು ಊರ ಕಟ್ಟೆಗೆ ಬಂದಿತ್ತು. ಕನಕದಾಸರು ಅದನ್ನೇ ಆರಿಸಿಕೊಂಡುದು ಓದುಗರಿಗಾಗಿ ಅಲ್ಲ, ಕೇಳುಗರಿಗಾಗಿ. ಒಂಬತ್ತು ಸಂಧಿಗಳ ‘ನಳಚರಿತ್ರೆ’ ಮಹಾಭಾರತದ ಅರಣ್ಯಪರ್ವದ ನಳೋಪಾಖ್ಯಾನವನ್ನು ಆಧರಿಸಿದೆ. ಕಷ್ಟದಲ್ಲಿ ಗಂಡಹೆಂಡಿರ ನಡುವಿನ ನಂಬಿಕೆ ಹೇಗೆ ಉಳಿಯುತ್ತದೆಂಬುದು ಅದರ ತಿರುಳು. 110 ಪದ್ಯಗಳ ‘ಹರಿಭಕ್ತಿಸಾರ’ ಹಿಂದೆ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ಕೃತಿ. ರಕ್ಷಿಸೆಂಬ ಮೊರೆ ಪದ್ಯದ ಕೊನೆಯಲ್ಲಿ ಮರಳಿ ಮರಳಿ ಬರುವುದರಿಂದ ಅದು ಓದಿದಂತೆ ಪ್ರಾರ್ಥನೆಯಾಗುತ್ತದೆ.

ಕೀರ್ತನೆಗಳ ಕುರಿತು ಎರಡು ಮಾತು. ಜಾತಿಯನ್ನು ಪ್ರಶ್ನಿಸುವ ಅವರ ಪ್ರಸಿದ್ಧ ಕೀರ್ತನೆಗಳು ಕೋಪದಿಂದ ಕೂಗುವುದಿಲ್ಲ, ತರ್ಕದಿಂದ ಕೇಳುತ್ತವೆ. ಎಲ್ಲರೂ ಪವಿತ್ರವೆಂದು ಒಪ್ಪಿದ ವಸ್ತುವೊಂದನ್ನು ಎತ್ತಿಕೊಂಡು, ಅದು ಹುಟ್ಟಿದ ಎಡೆ ಯಾವುದೆಂದು ವಿಚಾರಿಸುತ್ತವೆ. ಕೆಸರಿನಲ್ಲಿ ಅರಳಿದ ಹೂವು ದೇವರ ಮುಡಿಗೆ ಏರಬಹುದಾದರೆ ಹುಟ್ಟಿನ ಲೆಕ್ಕ ಮನುಷ್ಯನಿಗೆ ಮಾತ್ರ ಏಕೆ ಎಂಬ ಧಾಟಿ ಅದು. ಎದುರಾಳಿಯ ನಂಬಿಕೆಯಿಂದಲೇ ಎದುರಾಳಿಯನ್ನು ಒಪ್ಪಿಸುವ ಈ ವಿಧಾನ ಕನಕದಾಸರ ಗುಣವಿಶೇಷ.

ಎರಡನೆಯದು ಮುಂಡಿಗೆ. ಮುಂಡಿಗೆಯೆಂದರೆ ಒಗಟಿನ ರೂಪದ ಕೀರ್ತನೆ. ಹರಿದಾಸರಲ್ಲಿ ಈ ಪ್ರಕಾರಕ್ಕೆ ಕನಕದಾಸರೇ ಹೆಸರಾದವರು. ಮುಂಡಿಗೆಗಳಲ್ಲಿ ಬರುವ ಒಂದು ತಂತ್ರ ಸಂಬಂಧಗಳ ಸರಪಳಿ. ಅದರ ರೀತಿ ತಿಳಿಯಲು ನಾವೇ ಒಂದು ಸಣ್ಣ ಉದಾಹರಣೆಯನ್ನು ಕಟ್ಟಿಕೊಳ್ಳೋಣ: ‘ಗಾಳಿಯ ಮಗನ ಒಡೆಯನ ಮಡದಿಯ ತಾಯಿ.’ ಗಾಳಿಯ ಮಗ ಹನುಮ, ಅವನ ಒಡೆಯ ರಾಮ, ರಾಮನ ಮಡದಿ ಸೀತೆ, ಸೀತೆಯ ತಾಯಿ ಭೂಮಿ. ಆದ್ದರಿಂದ ಉತ್ತರ ‘ಭೂಮಿ’. ಕನಕದಾಸರ ಮುಂಡಿಗೆಗಳಲ್ಲಿ ಇಂಥ ಕೊಂಡಿಗಳು ಇನ್ನೂ ಉದ್ದ, ಇನ್ನೂ ಗಹನ. ಇನ್ನು ಕೆಲವು ಮುಂಡಿಗೆಗಳು ದೇಹ, ಮನಸ್ಸು, ಇಂದ್ರಿಯಗಳನ್ನು ಸಂಕೇತಗಳಲ್ಲಿ ಮುಚ್ಚಿಡುತ್ತವೆ. ಅನುಭಾವಿಯಾಗಿ ಕನಕದಾಸರನ್ನು ಅರಿಯಲು ಅವೇ ದಾರಿ. ಇದರಲ್ಲಿ ಒಂದು ವ್ಯಂಗ್ಯವೂ ಇದೆ. ಶಾಸ್ತ್ರಪಾಂಡಿತ್ಯ ನಿನಗೆಲ್ಲಿಂದ ಬರಬೇಕು ಎಂದವರ ಮುಂದೆ, ಪಂಡಿತರೂ ತಡವರಿಸುವ ಪದ್ಯವನ್ನು ಇಟ್ಟುದು ಮೌನವಾದ ಉತ್ತರ.

ರಾಮಧಾನ್ಯ: ರಾಗಿಯ ಸೀಮೆಯಲ್ಲಿ ನಿಂತು ಓದಿದಾಗ

ಈಗ ಮುಖ್ಯ ವಿಷಯಕ್ಕೆ ಬರೋಣ. ಹಿಂದೂಪುರ, ಕಲ್ಯಾಣದುರ್ಗಗಳ ನೆಲದಿಂದ ಕನಕದಾಸರನ್ನು ಓದುವುದಾದರೆ ಮೊದಲು ಕೈಗೆತ್ತಿಕೊಳ್ಳಬೇಕಾದ ಕೃತಿ ‘ರಾಮಧಾನ್ಯ ಚರಿತ್ರೆ’. 158 ಪದ್ಯಗಳ ಈ ಪುಟ್ಟ ಕಾವ್ಯದ ಕಥೆ ಹೀಗಿದೆ. ವನವಾಸದಲ್ಲಿರುವ ಧರ್ಮರಾಯನಿಗೆ ಶಾಂಡಿಲ್ಯ ಮುನಿ ಕಥೆ ಹೇಳುತ್ತಾನೆ. ರಾವಣನನ್ನು ಗೆದ್ದು ಅಯೋಧ್ಯೆಗೆ ಮರಳುವ ರಾಮ ದಾರಿಯಲ್ಲಿ ಋಷಿಗಳ ಆತಿಥ್ಯವನ್ನು ಸ್ವೀಕರಿಸುತ್ತಾನೆ. ಬಗೆಬಗೆಯ ಭಕ್ಷ್ಯಗಳನ್ನು ಉಂಡ ಮೇಲೆ, ಇವು ಯಾವ ಧಾನ್ಯಗಳಿಂದ ಆದವು ಎಂಬ ಕುತೂಹಲ ಮೂಡಿ ಧಾನ್ಯಗಳನ್ನು ತರಿಸುತ್ತಾರೆ. ಯಾವುದು ಶ್ರೇಷ್ಠವೆಂಬ ಪ್ರಶ್ನೆ ಬಂದಾಗ ಒಬ್ಬೊಬ್ಬರು ಒಂದೊಂದನ್ನು ಹೊಗಳುತ್ತಾರೆ. ಗೌತಮ ಮುನಿ ನರೆದಲೆಗವೇ, ಎಂದರೆ ರಾಗಿಯೇ, ಉತ್ತಮವೆನ್ನುತ್ತಾನೆ. ಆಗ ವ್ರೀಹಿ, ಎಂದರೆ ನೆಲ್ಲು, ಸಿಡಿದೇಳುತ್ತದೆ.

ಅನಂತರದ ವಾಗ್ವಾದವೇ ಕಾವ್ಯದ ಜೀವ. ನೆಲ್ಲು ತನ್ನ ಕುಲವನ್ನು ಎತ್ತಿ ಆಡುತ್ತದೆ: ದೇವರ ನೈವೇದ್ಯಕ್ಕೆ ತಾನು ಸಲ್ಲುವೆ, ವಿಪ್ರರ ಮನೆಯಲ್ಲಿ ತಾನಿರುವೆ, ಮಂಗಳಕಾರ್ಯಕ್ಕೆ ತಾನೇ ಬೇಕು; ಕೀಳುಜನರ ಅಂಬಲಿಯಾಗುವ ನಿನಗೆ ಈ ಸಭೆಯಲ್ಲಿ ಏನು ಕೆಲಸ? ರಾಗಿ ಹೆದರದೆ ಉತ್ತರಿಸುತ್ತದೆ: ನೀನು ಸಿರಿವಂತರನ್ನು ಓಲೈಸುವವನು, ಹೆಣದ ಬಾಯಿಗೂ ನೀನೇ ಬೀಳುವವನು, ಮಳೆ ಹೋಗಿ ಕ್ಷಾಮ ಬಂದಾಗ ಬಡವರ ಮಕ್ಕಳ ಪ್ರಾಣ ಉಳಿಸುವವನು ನಾನು. ಜಗಳ ಮುಗಿಯದಿರಲು ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಹೊರಗೆ ತಂದಾಗ ನೆಲ್ಲು ಸತ್ವಗುಂದಿದೆ. ರಾಗಿ ಇದ್ದಂತೆಯೇ ಇದೆ. ದೇವತೆಗಳ ಸಭೆಯಲ್ಲಿ ರಾಮ ಅದಕ್ಕೆ ತನ್ನ ‘ರಾಘವ’ ಎಂಬ ಹೆಸರನ್ನೇ ಕೊಡುತ್ತಾನೆ. ಅದರಿಂದ ‘ರಾಗಿ’. ಮುಖ ಬಾಡಿಸಿಕೊಂಡ ನೆಲ್ಲನ್ನೂ ರಾಮ ಸಂತೈಸುತ್ತಾನೆ.

ಈ ಕಥೆಯನ್ನು ‘ಮೇಲುಜಾತಿ ಕೀಳುಜಾತಿಗಳ ರೂಪಕ’ ಎಂದು ಒಂದು ಸಾಲಿನಲ್ಲಿ ಮುಗಿಸುವುದು ಸುಲಭ. ಅದು ತಪ್ಪೇನೂ ಅಲ್ಲ. ಆದರೆ ಅಷ್ಟಕ್ಕೇ ನಿಂತರೆ ಮೂರು ಸಂಗತಿಗಳು ಕೈತಪ್ಪುತ್ತವೆ.

ಮೊದಲನೆಯದು, ಇಲ್ಲಿಯ ಪರೀಕ್ಷೆ ರೈತನ ಪರೀಕ್ಷೆ. ರಾಮ ಶಾಸ್ತ್ರವನ್ನು ಕೇಳಿ ತೀರ್ಪು ಕೊಡುವುದಿಲ್ಲ. ಕಣಜದಲ್ಲಿ ಇಟ್ಟು ನೋಡುತ್ತಾನೆ. ರಾಗಿಯ ಕಾಳು ಸಣ್ಣದು; ಹುಳ ಹಿಡಿಯುವುದು ಅಪರೂಪ; ಹಗೇವಿನಲ್ಲಿ ಸುರಿದು ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಳೆಯ ಮೈಸೂರು ಸೀಮೆಯ ಮತ್ತು ಅನಂತಪುರ ಸೀಮೆಯ ಯಾವ ಹಿರಿಯ ರೈತನೂ ಇದನ್ನು ಬಲ್ಲ. ಕವಿ ದಿನನಿತ್ಯದ ಈ ತಿಳಿವನ್ನೇ ನ್ಯಾಯದ ಮಾನದಂಡವಾಗಿ ರಾಮನ ಕೈಗೆ ಕೊಟ್ಟಿದ್ದಾರೆ. ದುಡಿಯುವವರ ಅನುಭವಕ್ಕೆ ಪ್ರಮಾಣದ ಸ್ಥಾನ ಸಿಕ್ಕಿದುದು ಇಲ್ಲಿಯ ನಿಜವಾದ ಕ್ರಾಂತಿ.

ಎರಡನೆಯದು, ಹೆಸರು. ‘ನರೆದಲೆಗ’ ಎಂದರೆ ನರೆತ ತಲೆಯವನು. ತೆನೆಯ ಬಣ್ಣದಿಂದ ಬಂದ ಈ ಹೆಸರು ಕಾಳಿಗೆ ಒಬ್ಬ ಮುದುಕನ ಮುಖವನ್ನು ಕೊಡುತ್ತದೆ. ತುಂಬಿದ ಸಭೆಯಲ್ಲಿ ಹಿರಿಯನೊಬ್ಬ ಅವಮಾನಿತನಾಗಿ ನಿಂತ ಚಿತ್ರ ಆ ಒಂದು ಪದದಿಂದಲೇ ಮೂಡುತ್ತದೆ. ‘ರಾಘವ’ದಿಂದ ‘ರಾಗಿ’ ಬಂದಿತೆಂಬುದು ಭಾಷಾಶಾಸ್ತ್ರದ ನಿರುಕ್ತಿಯಲ್ಲ, ಕಾವ್ಯದ ನಿರುಕ್ತಿ. ಕಾಳಿನ ಕೆಂಪನ್ನು ಸೂಚಿಸುವ ‘ರಾಗ’ ಶಬ್ದದೊಡನೆ ಅದರ ಸಂಬಂಧವನ್ನು ಭಾಷಾಜ್ಞರು ಕಾಣುತ್ತಾರೆ. ಪರೀಕ್ಷೆಯಲ್ಲಿ ಈ ಎರಡನ್ನೂ ಬೆರೆಸಬಾರದು. ಕವಿ ಹೇಳಬಯಸಿದ್ದು ಶಬ್ದದ ಮೂಲವನ್ನಲ್ಲ; ಹೆಸರಿಡುವ ಅಧಿಕಾರ ಯಾರದು ಎಂಬುದನ್ನು.

ಮೂರನೆಯದು, ಮುಕ್ತಾಯ. ಸೋತ ನೆಲ್ಲನ್ನು ಕವಿ ಸಭೆಯಿಂದ ಹೊರಗೆ ಹಾಕುವುದಿಲ್ಲ. ಹೊರಗೆ ನಿಲ್ಲಿಸುವುದರ ನೋವನ್ನು ತಿಳಿದವನು ಗೆದ್ದ ಗಳಿಗೆಯಲ್ಲಿ ಇನ್ನೊಬ್ಬರನ್ನು ಹೊರಗೆ ನಿಲ್ಲಿಸಲಾರ. ಕನಕದಾಸರ ಸಮಾನತೆ ಸೇಡಿನ ಸಮಾನತೆಯಲ್ಲವೆಂದು ಹೇಳಲು ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಇದೇ ಕಾವ್ಯವನ್ನು ಅನಂತಪುರ ಸೀಮೆಯಲ್ಲಿ ನಿಂತು ಓದಿ ನೋಡಿ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ, ದೇಶದಲ್ಲಿಯೇ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಒಂದೆನಿಸಿದ ನೆಲ ಅದು. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರನ್ನು ಹಾದು ಹಿಂದೂಪುರದ ಕಡೆಗೆ ಹರಿಯುವ ಉತ್ತರ ಪಿನಾಕಿನಿಯಲ್ಲಿ ನೀರಿಗಿಂತ ಮರಳನ್ನು ಕಾಣುವ ದಿನಗಳೇ ಹೆಚ್ಚು. ಕಲ್ಯಾಣದುರ್ಗದ ಕಡೆ ವೇದಾವತಿಗೆ ಕಟ್ಟಿದ ಭೈರವಾನಿತಿಪ್ಪ ಜಲಾಶಯದ್ದೂ ಇದೇ ಪಾಡು. ರಾಗಿ, ಸಜ್ಜೆ, ನವಣೆ, ಕೊರಲೆಗಳ ಈ ಹೊಲಗಳನ್ನು ಕಳೆದ ಶತಮಾನದ ಉತ್ತರಾರ್ಧದಲ್ಲಿ ಕಡಲೆಕಾಯಿ ಬಹುಮಟ್ಟಿಗೆ ಆಕ್ರಮಿಸಿತು. ಕಡಿಮೆ ಬೆಲೆಯ ಅಕ್ಕಿ ಮನೆಗೆ ಬಂದಿತು. ಆದರೂ ಕನ್ನಡದ ಮನೆಯಲ್ಲಿ ಮುದ್ದೆ, ತೆಲುಗಿನ ಮನೆಯಲ್ಲಿ ಸಂಗಟಿ ಎಂದು ಕರೆಸಿಕೊಂಡು ಎರಡು ನುಡಿಗಳ ತಟ್ಟೆಯಲ್ಲಿಯೂ ಬಿದ್ದದ್ದು ಒಂದೇ ರಾಗಿ. ಕ್ಷಾಮದಲ್ಲಿ ಪ್ರಾಣ ಉಳಿಸುವೆನೆಂಬ ನರೆದಲೆಗನ ಮಾತು ಈ ಸೀಮೆಗೆ ಅಲಂಕಾರವಲ್ಲ, ಮನೆತನದ ನೆನಪು. ಬಯಲಿನ ನೆಲ್ಲಿನ ನಾಡಿನಲ್ಲಿ ಕುಳಿತು ಓದಿದವನಿಗಿಂತ ಇಲ್ಲಿಯ ಓದುಗನಿಗೆ ಆ ಪದ್ಯಗಳು ಬೇಗ ಒಲಿಯುತ್ತವೆ.

ಪರಂಪರೆ: ಮೆರವಣಿಗೆ ಮತ್ತು ಓದು

ಅನಂತಪುರ ಸೀಮೆಯಲ್ಲಿ ಕುರುಬ ಸಮುದಾಯ ದೊಡ್ಡದು. ಅವರಲ್ಲಿ ಕೆಲವರ ಮನೆಮಾತು ಕನ್ನಡ, ಹಲವರದು ತೆಲುಗು. ಬೀರಪ್ಪನ ಆರಾಧನೆ ಇಬ್ಬರಿಗೂ ಸಮಾನ. ಕನಕದಾಸರು ಅವರಿಗೆ ಮೊದಲಿಗೆ ‘ನಮ್ಮವರು’, ಅನಂತರ ಕವಿ. ಇದರಲ್ಲಿ ಆಕ್ಷೇಪಿಸುವಂಥದು ಏನೂ ಇಲ್ಲ. ಶತಮಾನಗಳ ಕಾಲ ಸಭೆಯ ಅಂಚಿನಲ್ಲಿ ಕುಳಿತ ಜನ ತಮ್ಮವನೊಬ್ಬನನ್ನು ಊರ ನಡುವೆ ನಿಲ್ಲಿಸಿ ನೋಡುವ ಹಂಬಲಕ್ಕೆ ಅರ್ಥವಿದೆ; 1992ರಲ್ಲಿ ಕಾಗಿನೆಲೆಯಲ್ಲಿ ಕನಕಗುರುಪೀಠ ಸ್ಥಾಪನೆಯಾದುದರ ಹಿಂದೆಯೂ ಇಂಥ ಆತ್ಮಗೌರವವಿತ್ತು. ಆದರೆ ಕನ್ನಡ ಬಾರದ ಭಕ್ತನಿಗೆ ಕನಕದಾಸರು ಪ್ರತಿಮೆಯಾಗಿಯೇ ಉಳಿಯುವ ಅಪಾಯವೂ ಇದೆ. ಗಡಿಯ ಊರುಗಳಲ್ಲಿ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವವರು ಕಡಿಮೆಯಾದಂತೆ ಈ ಅಪಾಯ ಹೆಚ್ಚುತ್ತದೆ. ಕುಲದ ಗೋಡೆಯನ್ನು ಪ್ರಶ್ನಿಸಿದ ಕವಿಯನ್ನು ಒಂದು ಕುಲದ ಗುರುತಾಗಿ ಮಾತ್ರ ಉಳಿಸಿಕೊಂಡರೆ, ಅವರನ್ನು ಇನ್ನೊಮ್ಮೆ ಗೋಡೆಯ ಹೊರಗೆ ನಿಲ್ಲಿಸಿದಂತೆಯೇ ಆಗುತ್ತದೆ.

ಈ ಮಾತು ಗಡಿಯಾಚೆಯವರಿಗೆ ಮಾತ್ರ ಅನ್ವಯಿಸುವುದಿಲ್ಲ. ಕನ್ನಡ ಬಲ್ಲ ನಾವೂ ‘ಮೋಹನತರಂಗಿಣಿ’ಯ ಒಂದು ಸಂಧಿಯನ್ನಾದರೂ ಪೂರ್ತಿಯಾಗಿ ಓದಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಓದಲು ಬಂದೂ ಓದದವನಿಗೂ ಓದಲು ಬಾರದವನಿಗೂ ಪ್ರತಿಮೆಯ ಮುಂದೆ ವ್ಯತ್ಯಾಸವಿಲ್ಲ.

ಇದೇ ನೆಲ ಇನ್ನೊಬ್ಬ ಜನಕವಿಯನ್ನೂ ತನ್ನವನೆನ್ನುತ್ತದೆ. ಕದಿರಿಯ ಬಳಿಯ ಕಟಾರುಪಲ್ಲಿಯಲ್ಲಿ ವೇಮನನ ಸಮಾಧಿಯಿದೆ. ಆಟವೆಲದಿ ಛಂದಸ್ಸಿನಲ್ಲಿ, ಆಡುಮಾತಿಗೆ ಹತ್ತಿರದ ತೆಲುಗಿನಲ್ಲಿ ವೇಮನ ಹೇಳಿದ ಪದ್ಯಗಳನ್ನು ಸಿ. ಪಿ. ಬ್ರೌನ್ ಸಂಗ್ರಹಿಸಿ 1829ರಲ್ಲಿ ಪ್ರಕಟಿಸಿದ. ನಾವು ವೇಮನನನ್ನು ಸರ್ವಜ್ಞನೊಡನೆ ಹೋಲಿಸುವುದು ರೂಢಿ. ಕನಕದಾಸರೊಡನೆ ಹೋಲಿಸಿ ನೋಡುವುದೂ ಫಲಕಾರಿ. ವೇಮನ ವಿಗ್ರಹಾರಾಧನೆಯನ್ನೇ ಅಣಕಿಸಿ ಗುಡಿಯಿಂದ ದೂರ ನಡೆದ. ಕನಕದಾಸರು ಗುಡಿಯ ಗೋಡೆಯ ಬಳಿಯೇ ನಿಂತು ಒಳಗಿನವನನ್ನು ಕರೆದರು. ಇಬ್ಬರ ದಾರಿ ಬೇರೆ. ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂಬ ನಿಲುವು ಒಂದೇ. ಕನ್ನಡ ಮತ್ತು ತೆಲುಗು ಎರಡನ್ನೂ ಬಲ್ಲ ಗಡಿನಾಡಿನ ವಿದ್ಯಾರ್ಥಿಗೆ ಈ ಹೋಲಿಕೆ ಬೇರೆಯವರಿಗಿಲ್ಲದ ಸಂಪತ್ತು. ಹಿಂದೂಪುರ, ಮಡಕಶಿರಾ, ಪಾವಗಡ ಕಡೆಯಿಂದ ಬಂದು ‘ನನ್ನ ಕನ್ನಡದಲ್ಲಿ ತೆಲುಗು ಬೆರೆತಿದೆ’ ಎಂದು ಸಂಕೋಚಪಡುವ ವಿದ್ಯಾರ್ಥಿಗಳು ಇದನ್ನು ಮನಗಾಣಬೇಕು. ರಾಮಧಾನ್ಯದ ಹತ್ತು ಪದ್ಯಗಳನ್ನು ತನ್ನ ಊರಿನ ಹಿರಿಯರಿಗೆ ತೆಲುಗಿನಲ್ಲಿ ಅರ್ಥ ಹೇಳಬಲ್ಲ ವಿದ್ಯಾರ್ಥಿ, ಪ್ರತಿಮೆಯೊಂದು ಮಾಡಲಾರದ ಕೆಲಸವನ್ನು ಮಾಡುತ್ತಾನೆ.

ಕನಕದಾಸರ ಕೀರ್ತನೆಗಳು ಶತಮಾನಗಳ ಕಾಲ ತಾಳೆಗರಿಗಿಂತ ಹೆಚ್ಚಾಗಿ ಬಾಯಿಯಲ್ಲಿ ಉಳಿದವು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಅಚ್ಚಿಗೆ ತರುವವರೆಗೂ ಅವನ್ನು ಕಾಪಾಡಿದವರು ಹಾಡುವವರು ಮತ್ತು ಕೇಳುವವರು. ಕಾವ್ಯ ಗಡಿ ದಾಟುವುದು ಹೀಗೆಯೇ, ಒಂದು ಬಾಯಿಯಿಂದ ಇನ್ನೊಂದು ಕಿವಿಗೆ. ಆರು ತಿಂಗಳು ಕತ್ತಲೆಯಲ್ಲಿದ್ದೂ ಕೆಡದ ಕಾಳು ಮೊಳೆಯಬೇಕಾದರೆ ಅದನ್ನು ಯಾರಾದರೂ ಹೊರಗೆ ತೆಗೆದು ಬಿತ್ತಬೇಕು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳ ಪಾಲಿನ ಕೆಲಸ ಅದು.

ಅಭ್ಯಾಸಕ್ಕಾಗಿ

1. ಕನಕದಾಸರ ಜೀವನದ ಸಂಗತಿಗಳನ್ನು ಐತಿಹ್ಯ, ಆಂತರಿಕ ಸಾಕ್ಷ್ಯ, ಸಮಕಾಲೀನ ಸಾಕ್ಷ್ಯ ಎಂದು ಮೂರು ಗುಂಪುಗಳಾಗಿ ವಿಂಗಡಿಸಿ.

2. ‘ರಾಮಧಾನ್ಯ ಚರಿತ್ರೆ’ಯಲ್ಲಿ ನೆಲ್ಲು ಮತ್ತು ರಾಗಿ ಮಂಡಿಸುವ ವಾದಗಳನ್ನು ಎದುರುಬದುರಾಗಿ ಪಟ್ಟಿ ಮಾಡಿ. ಯಾವ ವಾದ ಹುಟ್ಟನ್ನು ಆಧರಿಸಿದೆ, ಯಾವುದು ಉಪಯೋಗವನ್ನು ಆಧರಿಸಿದೆ ಎಂಬುದನ್ನು ಗುರುತಿಸಿ.

3. ‘ಹರಿಭಕ್ತಿಸಾರ’ದ ಯಾವುದಾದರೂ ಎರಡು ಪದ್ಯಗಳಿಗೆ ಪ್ರಸ್ತಾರ ಹಾಕಿ, ಭಾಮಿನಿ ಷಟ್ಪದಿಯ ಲಕ್ಷಣವನ್ನು ಸಮನ್ವಯಗೊಳಿಸಿ.

4. ಮುಂಡಿಗೆಯ ಸರಪಳಿ ತಂತ್ರವನ್ನು ಅನುಸರಿಸಿ ಸ್ವಂತವಾಗಿ ಒಂದು ಒಗಟನ್ನು ಕಟ್ಟಿ, ತರಗತಿಯಲ್ಲಿ ಬಿಡಿಸಲು ಕೊಡಿ.

5. ನಿಮ್ಮ ಊರಿನ ಹಿರಿಯರೊಬ್ಬರಿಂದ ರಾಗಿಯ ಹಗೇವು, ಕಣಜ, ಕ್ಷಾಮಗಳ ನೆನಪುಗಳನ್ನು ಕೇಳಿ ಬರೆದುಕೊಳ್ಳಿ. ರಾಗಿ ತನ್ನ ಪರವಾಗಿ ಆಡುವ ಪದ್ಯಗಳ ಜೊತೆಗಿಟ್ಟು ಒಂದು ಪುಟದ ಟಿಪ್ಪಣಿ ಸಿದ್ಧಪಡಿಸಿ.